ಅಗಸೆ ಬೀಜದ ಪುಡಿ ದಿನದ ಊಟಕ್ಕೆ ಸೇರಿಸುವುದು ಹೇಗೆ

ಅಗಸೆ ಬೀಜವನ್ನು ಇಡಿಯಾಗಿ ಊಟದ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದೀರಾ? ಹಾಗಿದ್ದರೆ ಅದರಿಂದ ಸಿಗಬೇಕಾದ್ದು ನಿಮಗೆ ಪೂರ್ತಿ ಸಿಗುತ್ತಿಲ್ಲ. ಆ ಬೀಜ ಬಲು ನುಣುಪು, ಹಲ್ಲಿಗೆ ಸಿಗದೆ ಜಾರಿಕೊಳ್ಳುತ್ತದೆ. ಸಿಪ್ಪೆ ಗಟ್ಟಿಯಾದ್ದರಿಂದ ಹೊಟ್ಟೆಯಲ್ಲೂ ಎಷ್ಟೋ ಬೀಜಗಳು ಒಡೆಯದೆ ಹಾಗೇ ಆಚೆ ಹೋಗಿಬಿಡುತ್ತವೆ. ಒಳಗಿನ ಎಣ್ಣೆ ಮೈಗೆ ಹತ್ತಬೇಕು ಅಂದರೆ ಪುಡಿ ಮಾಡಲೇಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಈ ಎಣ್ಣೆಯಲ್ಲಿ ಒಮೆಗಾ-3 ಅನ್ನುವ, ಮೈಗೆ ಬೇಕಾದ ಕೊಬ್ಬು ಇದೆ. ಮೀನು ತಿನ್ನದವರಿಗೆ ಅದು ಸಿಗುವ ದಾರಿಗಳೇ ಕಡಿಮೆ, ಅಲ್ವಾ? ಅಗಸೆ, ಚಿಯಾ, ವಾಲ್‌ನಟ್ ಹೀಗೆ ಕೆಲವೇ. ಒಂದು ಟೇಬಲ್ ಚಮಚ ಅಗಸೆ ಪುಡಿ ಸುಮಾರು 7 ಗ್ರಾಂ ತೂಗುತ್ತದೆ. ಅದರಲ್ಲಿ ಎಎಲ್‌ಎ ಅನ್ನುವ ಒಮೆಗಾ-3 ಸುಮಾರು 1.6 ಗ್ರಾಂ ಇರುತ್ತದೆ, ಜೊತೆಗೆ ಹೆಚ್ಚುಕಡಿಮೆ 2 ಗ್ರಾಂ ನಾರು. ಗಂಡಸರಿಗೆ ದಿನಕ್ಕೆ 1.6 ಗ್ರಾಂ, ಹೆಂಗಸರಿಗೆ 1.1 ಗ್ರಾಂ ಎಎಲ್‌ಎ ಸಾಕು ಅಂತ ಅಮೆರಿಕದ ಪೋಷಣೆ ತಜ್ಞರ ಲೆಕ್ಕ. ಅಂದರೆ ಒಂದೇ ಚಮಚದಲ್ಲಿ ಆ ದಿನದ ಲೆಕ್ಕ ಮುಗಿಯಿತು. ಆದರೆ ಮೀನಿನಲ್ಲಿರುವ ಇಪಿಎ, ಡಿಎಚ್‌ಎ ಬೇರೆ ಬಗೆಯ ಒಮೆಗಾ-3ಗಳು. ಎಎಲ್‌ಎ ನಮ್ಮ ಮೈಯಲ್ಲಿ ಅವುಗಳಾಗಿ ಬದಲಾಗುವುದು ತೀರಾ ಸ್ವಲ್ಪ. ಹಾಗಾಗಿ ಅಗಸೆ ಮೀನಿಗೆ ಸಮ ಅಂತ ಹೇಳಲಾರೆ, ಆದರೂ ದಿನಾ ತಿನ್ನುವುದಕ್ಕೆ ಇದು ತುಂಬಾ ಒಳ್ಳೆಯದು.

ಈಗ ಪುಡಿ ಮಾಡುವುದಕ್ಕೆ ಬರೋಣ. ಜಾರ್ ಪೂರ್ತಿ ಒಣಗಿರಲಿ, ಒಂದು ಹನಿ ನೀರಿದ್ದರೂ ಬೀಜ ಲೋಳೆ ಬಿಟ್ಟು ಅಂಟಿಕೊಳ್ಳುತ್ತದೆ. ಚಿಕ್ಕ ಜಾರ್‌ನಲ್ಲಿ ಅರ್ಧದಷ್ಟು ಮಾತ್ರ ಹಾಕಿ, ಎರಡು ಮೂರು ಸೆಕೆಂಡ್ ತಿರುಗಿಸಿ ನಿಲ್ಲಿಸಿ, ಜಾರನ್ನು ಒಮ್ಮೆ ಕುಲುಕಿ, ಮತ್ತೆ ತಿರುಗಿಸಿ. ಒಂದೇ ಸಮ ಓಡಿಸಿದರೆ ಬಿಸಿಯಾಗಿ ಎಣ್ಣೆ ಬಿಡುತ್ತದೆ, ಬ್ಲೇಡಿನ ಕೆಳಗೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಅದನ್ನು ಕೆರೆದು ತೆಗೆಯುವುದೇ ಒಂದು ಕೆಲಸ. ಪುಡಿ ರವೆಗಿಂತ ಸ್ವಲ್ಪ ನುಣ್ಣಗಿದ್ದರೆ ಸಾಕು. ಬೆರಳಲ್ಲಿ ಉಜ್ಜಿ ನೋಡಿ, ಇಡೀ ಬೀಜ ಸಿಗಬಾರದು, ಬೆರಳಿಗೆ ಸಣ್ಣಗೆ ಜಿಡ್ಡು ಹತ್ತಬೇಕು. ಹುರಿಯಬೇಕು ಅಂತೇನೂ ಇಲ್ಲ, ಆದರೆ ಸಣ್ಣ ಉರಿಯಲ್ಲಿ ಬೀಜ ಚಟಪಟ ಅನ್ನುವವರೆಗೆ ಹುರಿದು, ಪೂರ್ತಿ ಆರಿಸಿ ಪುಡಿ ಮಾಡಿದರೆ ಹಸಿ ವಾಸನೆ ಹೋಗುತ್ತದೆ, ಘಮ ಬರುತ್ತದೆ. ಕಂದು ಬೀಜವೋ ಹೊಂಬಣ್ಣದ ಬೀಜವೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಅಷ್ಟೇ.

ಒಂದು ಸಲ ನಾನು ಕೆಲಸ ಉಳಿಯಲಿ ಅಂತ ಒಂದು ದೊಡ್ಡ ಡಬ್ಬಿ ತುಂಬಾ ಪುಡಿ ಮಾಡಿ ಒಲೆ ಪಕ್ಕದಲ್ಲೇ ಇಟ್ಟಿದ್ದೆ. ಕೆಲವು ವಾರ ಆದ ಮೇಲೆ ಮುಚ್ಚಳ ತೆಗೆದರೆ ಹಳೇ ಬಣ್ಣದ ಡಬ್ಬಿ ತೆರೆದ ಹಾಗೆ ವಾಸನೆ, ಬಾಯಿಗೆ ಹಾಕಿದರೆ ಕಹಿ. ಅಷ್ಟನ್ನೂ ಚೆಲ್ಲಬೇಕಾಯಿತು. ಆ ವಾಸನೆ ಬಣ್ಣದ್ದೇ ಅನ್ನಿಸಿದ್ದು ಸುಮ್ನೆ ಅಲ್ಲ. ಚಿತ್ರಕಾರರು ತೈಲವರ್ಣದಲ್ಲಿ ಬಳಸುವ ಲಿನ್ಸೀಡ್ ಎಣ್ಣೆ ಇದೇ ಬೀಜದ್ದು, ಗಾಳಿಯ ಆಮ್ಲಜನಕದ ಜೊತೆ ಬೇಗ ಸೇರಿ ಗಟ್ಟಿಯಾಗುತ್ತದೆ ಅಂತಲೇ ಅವರು ಅದನ್ನು ಬಳಸುವುದು. ಕ್ಯಾನ್ವಾಸಿಗೆ ಒಳ್ಳೆಯದಾದ ಆ ಗುಣವೇ ನಮ್ಮ ಡಬ್ಬಿಯಲ್ಲಿ ಪುಡಿಯನ್ನು ಕಮಟು ಮಾಡುತ್ತದೆ. ಇಡೀ ಬೀಜ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಪುಡಿ ಇರುವುದಿಲ್ಲ. ಅದಕ್ಕೇ ಒಂದು ವಾರಕ್ಕೆ ಆಗುವಷ್ಟು ಮಾತ್ರ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಿ. ಕಮಟು ವಾಸನೆ ಬಂದರೆ ಯೋಚಿಸದೆ ಎಸೆಯಿರಿ.

ಇನ್ನು ಯಾವುದಕ್ಕೆ ಹಾಕುವುದು? ಅತಿ ಸುಲಭದ್ದು ಮೊಸರು ಮತ್ತು ಗಂಜಿ. ಒಲೆ ಆರಿಸಿದ ಮೇಲೆ ಒಂದು ಚಮಚ ಹಾಕಿ ಕಲಸಿದರೆ ಆಯಿತು. ಸೂಪ್, ಬೇಯಿಸಿದ ಬೇಳೆ ಇಂಥವುಗಳಿಗೂ ಕೊನೆಯಲ್ಲೇ ಹಾಕಿ, ಆದರೆ ಪುಡಿ ನೀರು ಹೀರಿ ಮಂದವಾಗಿಸುತ್ತದೆ, ಆದ್ದರಿಂದ ಸ್ವಲ್ಪ ತೆಳ್ಳಗೇ ಇಟ್ಟುಕೊಳ್ಳಿ. ನೇರ ಸುರಿದರೆ ಗಂಟಾಗುತ್ತದೆ, ಉದುರಿಸುತ್ತಾ ಕೈಯಾಡಿಸಿ. ರೊಟ್ಟಿ, ಬ್ರೆಡ್‌ನ ಹಿಟ್ಟಿಗೆ ಒಂದು ಕಪ್‌ಗೆ ಒಂದು ಟೇಬಲ್ ಚಮಚ ಸೇರಿಸಿ, ನೀರು ಒಂದೆರಡು ಚಮಚ ಜಾಸ್ತಿ ಹಿಡಿಯುತ್ತದೆ, ಕಲಸಿ ಹತ್ತು ನಿಮಿಷ ಬಿಟ್ಟರೆ ಹಿಟ್ಟು ಮೆತ್ತಗಾಗುತ್ತದೆ. ಬೇಯಿಸಿದರೆ ಒಮೆಗಾ-3 ಎಲ್ಲಾ ಹಾಳಾಗುತ್ತದೆ ಅಂತ ಹೆದರಬೇಡಿ, ಹಿಟ್ಟಿನ ಒಳಗೆ ಬೆಂದಾಗ ಬಹುಪಾಲು ಉಳಿದುಕೊಳ್ಳುತ್ತದೆ. ಕಾದ ಎಣ್ಣೆಗೆ ಮಾತ್ರ ಹಾಕಬೇಡಿ, ಕ್ಷಣದಲ್ಲಿ ಸೀದುಹೋಗುತ್ತದೆ.

ಮೊಟ್ಟೆ ಹಾಕದೆ ಕೇಕ್ ಮಾಡುವವರಿಗೆ ಇದರ ಲೋಳೆ ನಿಜಕ್ಕೂ ವರ. ಒಂದು ಟೇಬಲ್ ಚಮಚ ಪುಡಿಗೆ ಮೂರು ಟೇಬಲ್ ಚಮಚ ನೀರು, ಕಲಸಿ ಹತ್ತು ನಿಮಿಷ ಬಿಡಿ. ಚಮಚದಿಂದ ಎತ್ತಿದರೆ ಎಳೆ ಎಳೆಯಾಗಿ ಇಳಿಯಬೇಕು. ಇದು ಒಂದು ಮೊಟ್ಟೆಯ ಜಾಗಕ್ಕೆ. ಹಿಟ್ಟನ್ನು ಹಿಡಿದಿಡುತ್ತದೆಯೇ ಹೊರತು ಉಬ್ಬಿಸುವುದಿಲ್ಲ, ಹಾಗಾಗಿ ಬೇಕಿಂಗ್ ಪೌಡರ್ ಬಿಡಬೇಡಿ.

ಎಷ್ಟು ತಿನ್ನಬೇಕು? ಮೊದಲ ವಾರ ದಿನಕ್ಕೆ ಒಂದು ಟೀ ಚಮಚ ಸಾಕು. ಒಮ್ಮೆಲೇ ಜಾಸ್ತಿ ತಿಂದರೆ ನಾರಿನಿಂದ ಹೊಟ್ಟೆ ಉಬ್ಬರಿಸುತ್ತದೆ. ಆಮೇಲೆ ಒಂದು ಟೇಬಲ್ ಚಮಚಕ್ಕೆ ಏರಿಸಿ, ಬೇಕಾದರೆ ಎರಡು, ಅದಕ್ಕಿಂತ ಬೇಡ. ನೀರು ಚೆನ್ನಾಗಿ ಕುಡಿಯಿರಿ, ಇಲ್ಲದಿದ್ದರೆ ಮಲಬದ್ಧತೆ ಹೋಗುವ ಬದಲು ಹೆಚ್ಚಾಗುತ್ತದೆ. ಒಣ ಪುಡಿಯನ್ನು ಹಾಗೇ ಬಾಯಿಗೆ ಹಾಕಿಕೊಳ್ಳಬೇಡಿ, ಗಂಟಲಲ್ಲಿ ಅಂಟಿ ಸಿಕ್ಕಿಕೊಳ್ಳಬಹುದು. ದಿನಾ ಮಾತ್ರೆ ನುಂಗುವವರು ಮಾತ್ರೆಗೂ ಪುಡಿಗೂ ಒಂದೆರಡು ಗಂಟೆ ಅಂತರ ಇಡಿ, ಲೋಳೆ ಔಷಧಿಯನ್ನು ಮೈಗೆ ಹತ್ತದ ಹಾಗೆ ತಡೆಯಬಹುದು. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಬಸುರಿಯರು, ಕರುಳಿನ ತೊಂದರೆ ಇರುವವರು ಮೊದಲು ಡಾಕ್ಟರನ್ನು ಕೇಳಿ, ಆಮೇಲೆ ಶುರು ಮಾಡಿ.