ಜಾಥಾದ ಹಣವನ್ನು ಮಕ್ಕಳ ಸಂಜೆಗೆ ತಿರುಗಿಸಿದೆವು: ನನ್ನ ಅನುಭವ

ಮದ್ಯ ಮತ್ತು ಮಾದಕ ವಸ್ತುಗಳ ವಿರುದ್ಧದ ಅರಿವು ಕಾರ್ಯಕ್ರಮಗಳನ್ನು ನಿಲ್ಲಿಸಿ, ಆ ಹಣವನ್ನು ಮಕ್ಕಳ ಸಂಜೆಯ ಹೊತ್ತಿಗೆ ಹಾಕೋಣವೆಂದು ನಾನು ಸಮಿತಿಯ ಮುಂದಿಟ್ಟಾಗ ಜೊತೆಗೆ ನಿಂತವರು ಇಬ್ಬರೋ ಮೂವರೋ ಅಷ್ಟೆ. ಜಾಥಾ, ಭಾಷಣ, ಛಾಯಾಚಿತ್ರ ಯಾವುದೂ ಇಲ್ಲದ ಕೆಲಸಕ್ಕೆ ದಾನಿಗಳು ಏಕೆ ಹಣ ಕೊಡುತ್ತಾರೆ ಎಂಬುದು ಉಳಿದವರ ಪ್ರಶ್ನೆ. ನಾಲ್ಕೈದು ವರ್ಷಗಳಲ್ಲಿ, ಹದಿನೈದು ಹದಿನಾರರ ವಯಸ್ಸಿನವರ ಪೈಕಿ ಕಳೆದ ಒಂದು ತಿಂಗಳಲ್ಲಿ ಕುಡಿದಿದ್ದೇವೆ ಎಂದವರ ಪ್ರಮಾಣ ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಅಂದು ಬೇಡವೆಂದು ತಲೆಯಾಡಿಸಿದವರೇ ಇಂದು ಲೆಕ್ಕಪತ್ರ ಕೇಳಿ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣದ ವಿಚಾರ. ಹಿಂದೆ ನಮ್ಮ ವಾರ್ಷಿಕ ಮೊತ್ತದಲ್ಲಿ ಶೇ. 70ರಷ್ಟು ಭಿತ್ತಿಪತ್ರ, ಬ್ಯಾನರ್, ಅತಿಥಿಗಳ ಪ್ರಯಾಣ ಮತ್ತು ಜೂನ್ 26ರ ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನಾಚರಣೆಗೇ ಕರಗಿಹೋಗುತ್ತಿತ್ತು. ಕೆಟ್ಟ ಶ್ವಾಸಕೋಶದ ಚಿತ್ರ ತೋರಿಸಿದೆವು, ವ್ಯಸನದಿಂದ ಹೊರಬಂದವರನ್ನು ಕರೆಸಿ ಮಾತನಾಡಿಸಿದೆವು. ಮಕ್ಕಳು ಚಪ್ಪಾಳೆ ತಟ್ಟಿದರು, ಅಂಕಿಗಳು ಕದಲಲಿಲ್ಲ. ಇದು ನಮ್ಮೊಬ್ಬರ ಪಾಡಲ್ಲ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾಗಿ ಅಮೆರಿಕದ ಉದ್ದಗಲಕ್ಕೂ ಹರಡಿದ, ಪೊಲೀಸರೇ ತರಗತಿಗೆ ಬಂದು ಪಾಠ ಹೇಳುತ್ತಿದ್ದ ‘ಡೇರ್’ ಕಾರ್ಯಕ್ರಮದ ಮೂಲ ಪಠ್ಯವನ್ನು ಸಂಶೋಧಕರು ಮತ್ತೆ ಮತ್ತೆ ಪರೀಕ್ಷಿಸಿದಾಗಲೂ, ಮಾದಕ ವಸ್ತುಗಳ ಬಳಕೆಯ ಮೇಲೆ ಅದರ ಪರಿಣಾಮ ನಗಣ್ಯವೆಂದೇ ಕಂಡುಬಂದಿತ್ತು. ಸಮಿತಿಯಲ್ಲಿ ನನ್ನ ಮಾತು ನಿಂತದ್ದು ಇದರಿಂದ ಮತ್ತು ಐಸ್‌ಲ್ಯಾಂಡಿನ ಉದಾಹರಣೆಯಿಂದ. ಅಲ್ಲಿ 1998ರಲ್ಲಿ ಹದಿನೈದು ಹದಿನಾರರ ಮಕ್ಕಳಲ್ಲಿ ಶೇ. 42ರಷ್ಟು ಮಂದಿ ಹಿಂದಿನ ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರೆ, 2016ರ ಹೊತ್ತಿಗೆ ಆ ಪ್ರಮಾಣ ಶೇ. 5ಕ್ಕೆ ಇಳಿದಿತ್ತು. ಆ ದೇಶ ಮಾಡಿದ್ದು ಮಕ್ಕಳ ಬಿಡುವಿನ ವೇಳೆಯನ್ನು ತುಂಬುವ, ತಂದೆತಾಯಿಯರನ್ನು ಒಪ್ಪಂದಕ್ಕೆ ತರುವ ಮತ್ತು ಬಿಡದೆ ಅಳೆಯುತ್ತ ಹೋಗುವ ಕೆಲಸ.

ನಾವು ಹಿಡಿದುಕೊಂಡದ್ದು ಶಾಲೆ ಬಿಟ್ಟ ಹೊತ್ತಿನಿಂದ ದೊಡ್ಡವರು ಮನೆಗೆ ಮರಳುವವರೆಗಿನ ಎರಡು ಮೂರು ಗಂಟೆಗಳನ್ನು. ಆಟ, ಸಂಗೀತ, ಮರಗೆಲಸ, ದುರಸ್ತಿ ಕೆಲಸ, ಮಕ್ಕಳು ಕೇಳಿದ್ದನ್ನೇ ಇಟ್ಟೆವು. ಮೊದಲ ವರ್ಷ ಎಲ್ಲವನ್ನೂ ಸ್ವಯಂಸೇವಕರಿಂದಲೇ ನಡೆಸಲು ಹೊರಟದ್ದು ಕುಸಿಯಿತು. ಉತ್ಸಾಹವಿದ್ದವರೂ ಕೆಲವೇ ತಿಂಗಳಲ್ಲಿ ತಪ್ಪಿಸತೊಡಗಿದರು, ಕಲಿಸುವವರು ಬಾರದ ಸಂಜೆ ಮಕ್ಕಳು ಹಳೆಯ ಅಡ್ಡೆಗೇ ಹೋದರು. ಈಗ ಮೊತ್ತದ ಅರ್ಧಕ್ಕಿಂತ ಹೆಚ್ಚು ತರಬೇತುದಾರರ ಸಂಬಳಕ್ಕೆ ಹೋಗುತ್ತದೆ, ಅದರಲ್ಲಿ ಕಡಿತ ಮಾಡಲು ನಾನು ಒಪ್ಪುವುದಿಲ್ಲ. ಅವರನ್ನು ಆರಿಸುವಾಗ ನಾನು ನೋಡುವ ಒಂದು ಗುಣವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಳತೆಯ ವಿಷಯದಲ್ಲಿ ನಮ್ಮಷ್ಟು ಕಟ್ಟುನಿಟ್ಟಾಗಿರುವವರನ್ನು ನಾನು ಹೆಚ್ಚು ಕಂಡಿಲ್ಲ. ಪ್ರಶ್ನಾವಳಿಯಲ್ಲಿ ಹೆಸರಿಲ್ಲ, ಹಾಜರಿ ಸಂಖ್ಯೆಯಿಲ್ಲ. ಶಿಕ್ಷಕರು ಸಾಲುಗಳ ನಡುವೆ ಓಡಾಡದೆ ಕರಿಹಲಗೆಯ ಬಳಿಯೇ ನಿಲ್ಲಬೇಕು. ಉತ್ತರಿಸಿದ ಹುಡುಗ ಅಥವಾ ಹುಡುಗಿ ಹಾಳೆಯನ್ನು ತಾನೇ ಲಕೋಟೆಗೆ ಹಾಕಿ ಅಂಟಿಸಿ, ಬಾಗಿಲ ಪಕ್ಕದ ಬೀಗ ಹಾಕಿದ ಪೆಟ್ಟಿಗೆಗೆ ಹಾಕಬೇಕು. ಪಟ್ಟಿಯಲ್ಲಿ ಮದ್ಯ, ಗಾಂಜಾ, ನಿದ್ದೆಗುಳಿಗೆ, ಮೂಸುವ ಅಂಟುಗಳ ನಡುವೆ ಲೋಕದಲ್ಲೇ ಇಲ್ಲದ ಒಂದು ಮಾದಕ ವಸ್ತುವಿನ ಹೆಸರನ್ನೂ ಸೇರಿಸುತ್ತೇವೆ, ಅದಕ್ಕೆ ಗುರುತು ಹಾಕಿದವರು ಮನಬಂದಂತೆ ಉತ್ತರಿಸಿದ್ದಾರೆಂದು ತಿಳಿದು ಅವರ ಹಾಳೆಯನ್ನು ಲೆಕ್ಕದಿಂದ ತೆಗೆಯುತ್ತೇವೆ. ಆ ಹೆಸರನ್ನು ಇಲ್ಲಿ ಬರೆದರೆ ಮುಂದಿನ ಸಮೀಕ್ಷೆಗೆ ಅದು ಉಪಯೋಗಕ್ಕೆ ಬಾರದು.

ಇದೇ ಸಮೀಕ್ಷೆಯಿಂದ ಒಂದು ಪಕ್ಕದ ಪ್ರಯೋಗ ಹುಟ್ಟಿತು. ತರಗತಿಯಲ್ಲಿ ಎಷ್ಟು ಮಂದಿ ಕುಡಿಯುತ್ತಿರಬಹುದೆಂದು ಕೇಳಿದರೆ ಬಹುತೇಕರು ಅರ್ಧದಷ್ಟು ಎನ್ನುತ್ತಿದ್ದರು, ನಿಜವಾದ ಸಂಖ್ಯೆ ಆರರಲ್ಲಿ ಒಬ್ಬರ ಆಸುಪಾಸಿನಲ್ಲಿತ್ತು. ಗೆಳೆಯರ ಕುಡಿತವನ್ನು ಹೀಗೆ ಹೆಚ್ಚಾಗಿ ಊಹಿಸುವುದನ್ನು ಅಮೆರಿಕದ ಸಂಶೋಧಕರಾದ ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ ಅವರು 1986ರಲ್ಲೇ ಕಾಲೇಜು ವಿದ್ಯಾರ್ಥಿಗಳಲ್ಲಿ ತೋರಿಸಿದ್ದರು. ನಾವು ಎಲ್ಲ ತರಗತಿಗಳ ಅಂಕಿಗಳನ್ನು ಒಟ್ಟುಗೂಡಿಸಿ, ಉಪದೇಶವಿಲ್ಲದೆ ಮಕ್ಕಳ ಮುಂದಿಟ್ಟೆವು. ‘ಎಲ್ಲರೂ ಮಾಡುತ್ತಾರೆ’ ಎಂಬ ಮಾತು ಅಲ್ಲಿಗೆ ಕಡಿಮೆಯಾಯಿತು.

ಮತ್ತೊಂದು ಪ್ರಯೋಗವನ್ನು ನಡುವೆಯೇ ನಿಲ್ಲಿಸಿದೆವು. ಆಗಲೇ ಚಟಕ್ಕೆ ಬಿದ್ದ ಹುಡುಗರನ್ನು ಪ್ರತ್ಯೇಕ ಗುಂಪು ಮಾಡಿ ಸಮಾಲೋಚನೆ ನಡೆಸಿದಾಗ, ಎಲ್ಲಿ ಏನು ಸಿಗುತ್ತದೆ ಎಂಬುದನ್ನು ಅವರು ಪರಸ್ಪರ ಕಲಿಸಿಕೊಂಡರು. ಅಮೆರಿಕದ ಮನೋವಿಜ್ಞಾನಿ ಥಾಮಸ್ ಡಿಷನ್ ಮತ್ತು ಸಂಗಡಿಗರು 1999ರಲ್ಲಿ ಎಚ್ಚರಿಸಿದ್ದು ಇಂಥದ್ದನ್ನೇ. ಈಗ ಅವರನ್ನು ಇಬ್ಬಿಬ್ಬರಂತೆ ಸಾಮಾನ್ಯ ತಂಡಗಳಿಗೆ ಹಂಚುತ್ತೇವೆ, ಸಮಾಲೋಚನೆ ಒಬ್ಬೊಬ್ಬರಿಗೇ ನಡೆಯುತ್ತದೆ.

ತಂದೆತಾಯಿಯರನ್ನು ಸಭಾಂಗಣಕ್ಕೆ ಕರೆದರೆ ಬರುವವರು ಬರಬೇಕಾಗಿಲ್ಲದವರೇ. ಆದ್ದರಿಂದ ಒಂದೊಂದು ತರಗತಿಯ ಹತ್ತು ಹನ್ನೆರಡು ಮನೆಗಳವರನ್ನು ಒಬ್ಬರ ಮನೆಯಲ್ಲೇ ಸೇರಿಸಿ, ಮನೆಯಲ್ಲಿರುವ ಮದ್ಯಕ್ಕೆ ಬೀಗ, ದೊಡ್ಡವರಿಲ್ಲದ ಪಾರ್ಟಿಗೆ ಅನುಮತಿಯಿಲ್ಲ, ರಾತ್ರಿ ಮನೆ ಸೇರುವ ಹೊತ್ತು ಎಲ್ಲರಿಗೂ ಒಂದೇ ಎಂಬ ಮೂರು ಮಾತುಗಳಿಗೆ ಸಹಿ ಮಾಡಿಸಿದೆವು. ಪ್ರಶ್ನಾವಳಿಯ ಪ್ರಕಾರ ಮೊದಲ ಗುಟುಕು ಹೆಚ್ಚಿನವರಿಗೆ ಸಿಕ್ಕಿದ್ದು ಅಂಗಡಿಯಿಂದಲ್ಲ, ಮನೆಯಿಂದ ಅಥವಾ ಅಣ್ಣಂದಿರ ಕೈಯಿಂದ. ಇದನ್ನು ಓದಿ ಹೇಳಿದ ಮೇಲೆ ಸಹಿಗೆ ಹಿಂಜರಿದವರು ವಿರಳ.

ಶಾಲೆ ಬಿಟ್ಟು ದುಡಿಯಲು ಹೋದ ಹದಿನೇಳು ಹದಿನೆಂಟರವರನ್ನು ಈ ವಿಧಾನ ಇನ್ನೂ ಮುಟ್ಟಿಲ್ಲ. ಅವರ ಸಂಜೆ ಆರಂಭವಾಗುವುದೇ ಕತ್ತಲಾದ ಮೇಲೆ, ಕೈಯಲ್ಲಿ ಸ್ವಂತ ದುಡಿಮೆಯ ಹಣವಿರುತ್ತದೆ, ಸಹಿ ಹಾಕಿಸಲು ಪೋಷಕರ ಸಭೆಯಿರುವುದಿಲ್ಲ. ಅವರಿಗಾಗಿ ಆಟದ ಮೈದಾನಕ್ಕೆ ರಾತ್ರಿಯ ದೀಪ ಹಾಕಿಸಲು ಈ ಬಾರಿಯ ಮೊತ್ತದಲ್ಲಿ ಐದನೆಯ ಒಂದು ಪಾಲನ್ನು ಮೊದಲೇ ತೆಗೆದಿರಿಸಿದ್ದೇವೆ.