ಕೋಟೆ ಸುತ್ತಿ ಬಂದ ಮೇಲೆ ಐದನೇ ಲೆವೆಲ್ ಹೊಳೆಯಿತು

ಮೂರು ವಾರ ನಾನು ಮಾಡುತ್ತಿರುವ ಕಂಪ್ಯೂಟರ್ ಗೇಮಿನ ಐದನೇ ಲೆವೆಲ್ ಮುಂದೆ ಸುಮ್ನೆ ಕೂತಿದ್ದೆ. ಗೋಡೆ ಇಡುವುದು, ಅಳಿಸುವುದು, ಮತ್ತೆ ಕಾಫಿ. ಏನು ಮಾಡಿದರೂ ನಾಲ್ಕನೇ ಲೆವೆಲ್ಲೇ ವೇಷ ಬದಲಿಸಿ ಬರುತ್ತಿತ್ತು.

ತಪ್ಪು ನನ್ನದೇ. ಮೊದಲೇ ಟೆಕ್ಸ್ಚರ್, ಬೆಳಕು, ಪಾಚಿ ಎಲ್ಲ ಹಾಕಿಬಿಡುತ್ತಿದ್ದೆ. ಅಷ್ಟು ಚೆಂದ ಮಾಡಿದ ಮೇಲೆ ಗೋಡೆ ಒಡೆಯಲು ಮನಸ್ಸು ಬರುತ್ತಾ?

ಒಂದು ಭಾನುವಾರ ಬೇಜಾರಾಗಿ ಹಾಸನದಲ್ಲಿ ಸಕಲೇಶಪುರದ ಬಸ್ ಹತ್ತಿದೆ. ಮಂಜರಾಬಾದ್ ಕೋಟೆ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಡ್ರೋನ್ ಫೋಟೋದಲ್ಲಿ ಎದ್ದು ಕಾಣುವ ಆ ನಕ್ಷತ್ರ ಒಳಗೆ ನಿಂತವನಿಗೆ ಕಾಣುವುದೇ ಇಲ್ಲ. ಒಂದು ಮೂಲೆ ದಾಟಿದರೆ ಇನ್ನೊಂದು, ಅಷ್ಟೇ. ಗೋಡೆ ಹತ್ತಿದರೆ ನಡುವಿನ ಕೊಳ ದಿಕ್ಕು ಹೇಳುತ್ತದೆ. ನಾನೋ ಇಷ್ಟು ದಿನ ಮೇಲಿನಿಂದ ನೋಡಿಯೇ ಲೆವೆಲ್ ಬಿಡಿಸುತ್ತಿದ್ದೆ!

ಮನೆಗೆ ಬಂದು, ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಗೊಡಾಟ್ ಎಂಜಿನ್‌ನಲ್ಲಿ ಬರೀ ಬೂದು ಡಬ್ಬಗಳನ್ನು ಜೋಡಿಸಿದೆ. ನನಗೇ 40 ನಿಮಿಷದ ಟೈಮರ್ ಇಟ್ಟುಕೊಂಡೆ. ಹೊಸದು ಒಂದೇ: ಜಾರುವ ಕಲ್ಲು. ಮೊದಲು ಬಿದ್ದರೂ ಸಾಯದ ಜಾಗದಲ್ಲಿ, ಆಮೇಲೆ ಹಳ್ಳದ ಮೇಲೆ, ಕೊನೆಗೆ ಅಟ್ಟಿಸಿಕೊಂಡು ಬರುವ ನಾಯಿ ಜೊತೆ. ತಮ್ಮನ ಕೈಗೆ ಕೊಟ್ಟು ಬಾಯಿ ಮುಚ್ಚಿ ಕೂತೆ. ಎರಡು ಕಡೆ ದಾರಿ ತಪ್ಪಿದ. ಅಲ್ಲಿ ಒಂದೊಂದು ದೀಪ ಇಟ್ಟೆ.

ನಾಯಿ ಇನ್ನೂ ಒಮ್ಮೊಮ್ಮೆ ಗೋಡೆಯೊಳಗೆ ನುಗ್ಗುತ್ತದೆ. ಅದು ಬೇರೆ ಕಥೆ.