ಮೀನಖಂಡಕ್ಕೆ ಬೀಳುವ ಕಿಕ್ ತಡೆಯುವ ಕ್ರಮ: ನನ್ನ ಅನುಭವ

ಎಂಎಂಎ (ಗುದ್ದು, ಒದೆತ, ಕುಸ್ತಿ ಎಲ್ಲ ಬೆರೆತ ಕಾಳಗ ಕ್ರೀಡೆ) ಸ್ಪಾರಿಂಗ್‌ನಲ್ಲಿ, ಅಂದರೆ ಅಭ್ಯಾಸದ ಕಾದಾಟದಲ್ಲಿ, ಎದುರಾಳಿಯ ಬಲಗಾಲಿನ ಕಿಕ್ ನನ್ನ ಎಡ ಮೀನಖಂಡದ ಹೊರಬದಿಗೆ ಎರಡು ಮೂರು ಬಾರಿ ಬಿದ್ದರೆ ಸಾಕು, ಪಾದ ಜೋಮು ಹಿಡಿದು ಹೆಬ್ಬೆರಳನ್ನು ಮೇಲೆತ್ತಲೂ ಆಗುತ್ತಿರಲಿಲ್ಲ. ಮಂಡಿಯ ಕೆಳಗೆ ಹೊರಬದಿಯಲ್ಲಿ ಚರ್ಮಕ್ಕೆ ಹತ್ತಿರವಾಗಿ ಹಾಯುವ ಪೆರೋನಿಯಲ್ ನರಕ್ಕೆ ಪೆಟ್ಟಾದಾಗ ಹೀಗಾಗುತ್ತದೆ. 2021ರ ಜನವರಿಯಲ್ಲಿ ಅಬುಧಾಬಿಯ ಎಂಎಂಎ ಪಂದ್ಯಕೂಟ ಯುಎಫ್‌ಸಿ 257ರಲ್ಲಿ ಡಸ್ಟಿನ್ ಪೊರಿಯೆ ಅವರು ಎದುರಾಳಿ ಕಾನರ್ ಮೆಕ್‌ಗ್ರೆಗರ್ ಅವರ ಮುಂಗಾಲನ್ನು (ನಿಲುವಿನಲ್ಲಿ ಮುಂದಿಟ್ಟ ಕಾಲನ್ನು) ಕುಗ್ಗಿಸಿದ್ದು ಇದೇ ಕಿಕ್‌ನಿಂದ.

ಥಾಯ್ಲೆಂಡಿನ ಬಾಕ್ಸಿಂಗ್ ಆದ ಮುಯ್ ಥಾಯ್ ಶೈಲಿಯಲ್ಲಿ ಮಂಡಿಯನ್ನು ಎತ್ತರಕ್ಕೆ ಎತ್ತುವುದು ಫಲಿಸಲಿಲ್ಲ, ಏಕೆಂದರೆ ಕಿಕ್ ಅದಕ್ಕಿಂತ ಬೇಗ ಬರುತ್ತದೆ, ಮೇಲಾಗಿ ಒಂಟಿಗಾಲಲ್ಲಿ ನಿಂತವನನ್ನು ಕೆಡವುವುದು ಸುಲಭ. ಮೊಣಕಾಲ ಕೆಳಗೆ ಕಟ್ಟುವ ದಪ್ಪ ಶಿನ್‌ಗಾರ್ಡ್ ನೋವನ್ನು ಮರೆಸಿತು, ಅಷ್ಟೇ.

ಫಲಿಸಿದ ಕ್ರಮ ಶುರುವಾಗುವುದು ನಿಲುವಿನಿಂದ. ಮುಂಗಾಲಿನ ಮೇಲಿನ ಭಾರವನ್ನು ಎರಡೂ ಕಾಲುಗಳಿಗೆ ಸಮನಾಗಿ ಹಂಚಿ, ಒಳಕ್ಕೆ ತಿರುಗಿದ್ದ ಪಾದವನ್ನು ಎದುರಾಳಿಯತ್ತ ನೇರ ಮಾಡಿದೆ. ದೃಷ್ಟಿ ಆತನ ಎದೆಯ ಮೇಲಿರಬೇಕು. ಆತನ ಸೊಂಟ ತಿರುಗಲಾರಂಭಿಸಿದೊಡನೆ ನಮ್ಮ ಮುಂಗಾಲಿನ ಪಾದವನ್ನು ನೆಲದಿಂದ ಎರಡು ಅಂಗುಲದಷ್ಟು ಮಾತ್ರ ಎತ್ತಿ, ಮಂಡಿಯನ್ನೂ ಬೆರಳುಗಳನ್ನೂ ಒಟ್ಟಿಗೆ ಸುಮಾರು 45 ಡಿಗ್ರಿ ಹೊರಕ್ಕೆ ತಿರುಗಿಸಿದರೆ, ಆತನ ಪಾದ ಮಾಂಸಖಂಡಕ್ಕೆ ಬದಲು ಮಂಡಿಯ ಕೆಳಗಿನ ಗಟ್ಟಿ ಮೂಳೆಗೆ ಬಡಿಯುತ್ತದೆ, ನೋವು ಒದ್ದವನ ಪಾಲಾಗುತ್ತದೆ. ಎತ್ತಿದ ಕಾಲು ನೆಲ ಮುಟ್ಟುವ ಹೊತ್ತಿಗೆ ಬಲಗೈಯ ನೇರ ಗುದ್ದು ಹೊರಡಬೇಕು. ಕೈ ಮೊದಲು ಹೊರಟರೆ ಭಾರ ಮುಂಗಾಲಿಗೆ ಬಂದು ಮಂಡಿ ತಿರುಗುವುದಿಲ್ಲ.